ಒಂದು ಸೆರಗಿನ ಅಂಜಿಕೆ

ನಮ್ಮ ಅತ್ತೆಗೆ ದೆವ್ವಗಳ ಮೇಲೆ ಭಯಂಕರ ಸಿಟ್ಟು. ಅವು ಇವೆ ಎಂದಲ್ಲ, ಈಚೀಚೆಗೆ ನೆಟ್ಟಗೆ ಕೆಲಸ ಮಾಡುತ್ತಿಲ್ಲ ಎಂದು! ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ದೆವ್ವ, ಮಾಟಗಾತಿ, ರಾಕ್ಷಸ, ಬೆಂಕಿ ಉಗುಳುವ ಹಾವು ಇವರನ್ನೆಲ್ಲ ಎದುರಿಗೆ ಕೂಡಿಸಿಕೊಂಡು ಪಾಸು, ಫೇಲು ಮಾಡುವ ಹೆಣ್ಣುಮಗಳು ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬಳೇ. ಆಕೆಯ ಕೈಯಲ್ಲಿ ಪಾಸಾದ ದೆವ್ವಗಳು ಬಹಳ ಕಡಿಮೆ.

ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಂಡು ನನ್ನತ್ತ ಕನಿಕರದಿಂದ ನೋಡಬೇಡಿ. ಈಕೆ ನಮ್ಮಪ್ಪನ ತಂಗಿ. ಇಳಕಲ್ಲಿನ ಶಾಲೆಯೊಂದರಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿ ತಿದ್ದಿಸಿ ನಿವೃತ್ತಳಾದವಳು. ಆಕೆಯ ಗಂಡ, ನಮ್ಮ ಮಾಮಾ, ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಲ್ಲ. ನವನಗರದಲ್ಲಿ ನಮ್ಮ ಮನೆಯಿಂದ ಎರಡು ಸೆಕ್ಟರ್ ಆಚೆ ಆಕೆಯ ಮನೆ. ಸುತ್ತ ಕಂಪೌಂಡು, ಮುಂದೆ ಅಗಲವಾದ ರಸ್ತೆ. ಆ ರಸ್ತೆಯಲ್ಲಿ ಮಧ್ಯಾಹ್ನ ಒಂದು ನಾಯಿ ಹೋದರೂ ಅದು ಯಾರ ಮನೆಯದು ಎಂದು ವಿಚಾರಿಸಬೇಕೆನಿಸುವಷ್ಟು ನಿಶ್ಶಬ್ದ. ನಿವೃತ್ತಿಯಾದ ವಾರವೇ ಅತ್ತೆ ಗೋಡೆಯ ಅರ್ಧ ಮುಚ್ಚುವಂಥ ಟೀವಿ ತಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದು ಹಾಲಿನಲ್ಲಿ ತನ್ನ ಪಾಡಿಗೆ ಮಾತಾಡುತ್ತಲೇ ಇರುತ್ತದೆ.

ನನ್ನ ಮಕ್ಕಳು ಇಬ್ಬರು. ಮಗಳು ಏಳನೆಯ ತರಗತಿ, ಮಗ ಎರಡನೆಯದು. ಇಬ್ಬರೂ ಆಕೆಯನ್ನು ಆಯಿ, ಅಂದರೆ ಅಜ್ಜಿ, ಎಂದು ಕರೆಯುತ್ತಾರೆ. ರವಿವಾರ ಬಂತೆಂದರೆ ಆಯಿಯ ಮನೆಯಲ್ಲಿ ಸಿನಿಮಾ. ಅದೂ ಎಂಥ ಸಿನಿಮಾ? ಮಕ್ಕಳು ಕಾಡಿಗೋ ಗವಿಗೋ ಸಮುದ್ರದ ತಳಕ್ಕೋ ಹೊರಡುವಂಥವು, ಮನೆಮಂದಿಯೆಲ್ಲ ಕೂತು ನೋಡಬಹುದೆಂದು ಹೇಳಿಕೊಳ್ಳುವಂಥವು. ಇಂಥ ಸಿನಿಮಾ ಎಷ್ಟು ಕತ್ತಲಾಗಿರಬೇಕು, ಎಷ್ಟು ಅಂಜಿಸಬೇಕು? ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಇದರ ಸಲುವಾಗಿ ಸಾರು ಒಲೆಯ ಮೇಲೆ ಸೀದು ಹೋಗಿದೆ.

ನನ್ನ ಹೆಂಡತಿಯದು ಸರಳ ಲೆಕ್ಕಾಚಾರ. ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ ಒಂದು ಅಂಕಿ ಬರುತ್ತದಲ್ಲ, ಇಷ್ಟು ವರ್ಷ ಮೇಲ್ಪಟ್ಟವರಿಗೆ ಎಂದು, ಅದನ್ನು ಆಕೆ ವೇದವಾಕ್ಯವೆಂದು ನಂಬುತ್ತಾಳೆ. ಅತ್ತೆ ಮಾತ್ರ ಆ ಅಂಕಿಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಅಂಕಿ ಹಾಕಿದವನಿಗೆ ನಮ್ಮ ಹುಡುಗನ ಪರಿಚಯ ಐತೇನು, ಅವನೇನು ಇವನ ಕೂಡ ಕೂತು ಉಂಡಾನೇನು, ಎಂದು ಕೇಳಿದಳು ಒಮ್ಮೆ. ಹೆಂಡತಿ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಡುವೆ ಸಿಕ್ಕಿಕೊಂಡ ಗಂಡಸಿಗೆ ಯಾವ ಕಾಲ ಎಂದು ಗಾದೆ ಮಾಡಿದವರು ಹೇಳಲಿಲ್ಲ.

ಹಾಗಾದರೆ ಅತ್ತೆಯ ಅಳತೆ ಯಾವುದು? ಸೆರಗು! ಆಕೆ ಉಡುವುದು ಇಳಕಲ್ಲ ಸೀರೆ ಮಾತ್ರ. ಅದರಲ್ಲಿ ಸಿನಿಮಾ ನೋಡಲೆಂದೇ ಒಂದು ಹಳೆಯ ಸೀರೆ ಬೇರೆ. ತೊಳೆದು ತೊಳೆದು ಅದರ ಕೆಂಪು ಸೆರಗು ತೆಳ್ಳಗಾಗಿತ್ತು. ಎರಡೂ ಕಡೆ ಮಕ್ಕಳನ್ನು ಕೂಡಿಸಿಕೊಂಡು, ಸೆರಗನ್ನು ಮುಂದಕ್ಕೆ ತಂದು ಹರವಿಕೊಂಡು ಆಕೆ ಕೂತಳೆಂದರೆ ಪರೀಕ್ಷೆ ಶುರು. ಮಗು ಸೆರಗು ಮುಟ್ಟಲೇ ಇಲ್ಲವೋ, ಸಿನಿಮಾ ಶೂನ್ಯ. ತುದಿ ಹಿಡಿದು ಬಾಯಲ್ಲಿಟ್ಟು ಚೀಪಿತೋ, ಅರ್ಧ ಸೆರಗು. ಮುಖಕ್ಕೆ ಎಳೆದುಕೊಂಡು, ಎಳೆಗಳ ಸಂದಿಯಿಂದಲೇ ಮುಂದೇನಾಯಿತೆಂದು ನೋಡುತ್ತಿದ್ದರೆ ಒಂದು ಸೆರಗು. ಒಳಗೆ ಹೊಕ್ಕು, ಕಿವಿಯೂ ಮುಚ್ಚಿಕೊಂಡು, ಸಿನಿಮಾ ಮುಗಿದರೂ ಹೊರಬರದಿದ್ದರೆ ಎರಡು ಸೆರಗು. ಎರಡು ಸೆರಗಿನ ಸಿನಿಮಾ ಬಂದರೆ ಅತ್ತೆಯೇ ಎದ್ದು ಬಂದ್ ಮಾಡುತ್ತಿದ್ದಳು.

"ಮಾರಿ ಮುಚ್ಚಿಕೋಬೇಕು, ಆದ್ರ ನೋಡೂದು ಬಿಡಬಾರದು. ಅದಕ್ಕ ಸಿನಿಮಾ ಅಂತಾರ," ಎನ್ನುವುದು ಆಕೆಯ ತೀರ್ಪು. ನಿಜ ಹೇಳಲೇ? ಈ ವಿಷಯವಾಗಿ ನಾನು ಇದಕ್ಕಿಂತ ಒಳ್ಳೆಯ ಮಾತನ್ನು ಎಲ್ಲೂ ಕೇಳಿಲ್ಲ. ಹೆಂಡತಿಯ ಎದುರಿಗೆ ಹಾಗೆ ಹೇಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಒಂದು ರವಿವಾರ ಹೆಂಡತಿಯೇ ಆರಿಸಿಕೊಟ್ಟ ಸಿನಿಮಾ ಹಚ್ಚಿದರು. ಹಾಳುಮನೆ, ಗಾಳಿ, ತಾನೇ ತೆರೆದುಕೊಳ್ಳುವ ಬಾಗಿಲು, ಎಲ್ಲ ಕ್ರಮಬದ್ಧವಾಗಿತ್ತು. ಅತ್ತೆ ಆಸೆಯಿಂದ ಸೆರಗು ಹರವಿ ಕೂತಳು. ದೆವ್ವ ಬಂತು. ಬಂದದ್ದೇ ಕಣ್ಣಲ್ಲಿ ನೀರು ತಂದುಕೊಂಡು, ನಿಮ್ಮನ್ನು ಅಂಜಿಸಿದ್ದಕ್ಕೆ ಕ್ಷಮಿಸಿ, ನನ್ನ ಕೂಡ ಆಡುವವರು ಯಾರೂ ಇಲ್ಲ ಎಂದಿತು. ಮಕ್ಕಳು ಅದರ ಕೂಡ ಚೆಂಡಾಟ ಆಡಿದರು. ನನ್ನ ಮಗ ಆಕಳಿಸಿದ. ಅತ್ತೆ ನಡುವೆಯೇ ಎದ್ದು ಚುರಮರಿ ಒಗ್ಗರಣೆ ಹಾಕಲು ಹೋದಳು. ಪಾಪ ಎನ್ನಬೇಕಾದ ದೆವ್ವಕ್ಕೆ ಮಕ್ಕಳು ಅಂಜುವುದಾದರೂ ಹೇಗೆ, ಅದಕ್ಕಿಂತ ನಮ್ಮ ಶಾಲೆಯ ಹೆಡ್‌ಮಾಸ್ತರರೇ ವಾಸಿ ಎಂದು ಒಲೆಯ ಮುಂದೆ ನಿಂತು ಗೊಣಗಿದಳು.

ಆಮೇಲೊಂದು ನಿಧಿ ಹುಡುಕುವ ಸಿನಿಮಾ. ಹುಡುಗರ ದಂಡು ಗವಿ ಹೊಕ್ಕಿತು. ಗವಿಯೊಳಗೆ ಲಗ್ನದ ಮಂಟಪದಲ್ಲೂ ಇರದಷ್ಟು ಬೆಳಕು! ದೀಪ ಯಾರು ಹಚ್ಚಿದರು, ಕರೆಂಟು ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ. ಗವಿಯ ಕತ್ತಲೆ ಎಂದರೇನೆಂದು ಹುಡುಗರಿಗೆ ಗೊತ್ತಾಗಲೇಬೇಕೆಂದು ಹಟ ಹಿಡಿದು ಮುಂದಿನ ರವಿವಾರ ನನ್ನನ್ನೂ ಮಕ್ಕಳನ್ನೂ ಬಾದಾಮಿಯ ಬಸ್ಸು ಹತ್ತಿಸಿದಳು.

ನಾವು ಮೆಟ್ಟಿಲು ಹತ್ತಿ ಗವಿ ಮುಟ್ಟಿದ್ದು ಮಟಮಟ ಮಧ್ಯಾಹ್ನ. ಬಾದಾಮಿಯ ಗವಿಗಳು ಮುಂದುಗಡೆ ಬಯಲಿಗೆ ಬಾಯಿ ತೆರೆದುಕೊಂಡೇ ಇವೆ. ಬಿಸಿಲು ಧಾರಾಳವಾಗಿ ಒಳಗೆ ಬಂದಿತ್ತು. ಜೊತೆಗೆ ಎರಡು ಶಾಲೆಗಳ ಪ್ರವಾಸದ ಮಕ್ಕಳು, ಅವರ ಮಾಸ್ತರರು, ಎಲ್ಲರ ಕೈಯಲ್ಲೂ ಫೋನು. ಕತ್ತಲೆಯನ್ನು ಹುಡುಕಿಕೊಂಡು ನಾವು ಒಂದು ಗವಿಯಿಂದ ಇನ್ನೊಂದಕ್ಕೆ ಅಲೆದೆವು. ಸಿನಿಮಾದಲ್ಲಿ ತೋರಿಸಿದ್ದು ಖರೆ ಇತ್ತಲ್ಲ ಆಯಿ ಎಂದು ಮಗ ಶಾಂತವಾಗಿ ಹೇಳಿದ. ಅತ್ತೆ ಸೋಲಲಿಲ್ಲ. ಇಬ್ಬರನ್ನೂ ಒಂದು ಕಂಬದ ಹಿಂದೆ ನಿಲ್ಲಿಸಿ, ಕಣ್ಣು ಮುಚ್ಚಿಕೊಳ್ಳಿ, ಈಗ ಕತ್ತಲಾಯಿತು, ಹಿಂದಿನಿಂದ ಏನೋ ಬರುತ್ತಿದೆ ಎಂದು ದನಿ ತಗ್ಗಿಸಿ ಶುರು ಮಾಡಿದಳು. ಹಿಂದಿನಿಂದ ಏನೋ ಬಂದೇ ಬಂತು! ಅಂದೂ ಆಕೆ ಉಟ್ಟಿದ್ದು ಆ ಸಿನಿಮಾ ಸೀರೆಯನ್ನೇ, ಅದರ ಸೆರಗಿನ ತುದಿಯಲ್ಲಿ ಚುರಮರಿ ಕಟ್ಟಿಕೊಂಡಿದ್ದಳು. ಅದನ್ನು ಕಂಡ ಮಂಗವೊಂದು ಎರಡೂ ಕೈಯಿಂದ ಸೆರಗು ಹಿಡಿದು ಜಗ್ಗಿತು. ಅತ್ತೆ ಕಿರುಚಿದ್ದಕ್ಕೆ ಪ್ರವಾಸದ ಮಕ್ಕಳೆಲ್ಲ ಓಡಿ ಬಂದರು. ನನ್ನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗ ಚುರಮರಿಯ ಗಂಟಿನ ಜೊತೆ ಒಂದು ಗೇಣು ಸೆರಗನ್ನೂ ಹರಿದುಕೊಂಡು ಕಲ್ಲಿನ ಮೇಲೆ ಕೂತು ತಿಂದಿತು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ, ಆ ಮಂಗ ಎರಡು ಸೆರಗಿನದು, ಮಕ್ಕಳಿಗೆ ತಕ್ಕುದಲ್ಲ ಎಂದು ತೀರ್ಪು ಕೊಟ್ಟಳು.

ಸೆರಗು ಹರಿದ ಮೇಲೆ ಹೊಸ ಸೀರೆ ಬೇಕಲ್ಲ? ನನ್ನ ಕೆಲಸ ಹುನಗುಂದದ ಒಂದು ಕಚೇರಿಯಲ್ಲಿ. ಇಳಕಲ್ಲಿಗೆ ಅಲ್ಲಿಂದ ಹತ್ತಿರ. ಅತ್ತೆ ನನ್ನ ಬೆನ್ನು ಹತ್ತಿ ಬಂದು, ಅರ್ಧ ದಿನ ರಜೆ ಹಾಕಿಸಿ, ತನ್ನ ಹಳೆಯ ಪರಿಚಯದ ಸೀರೆ ಅಂಗಡಿಗೆ ಕರೆದೊಯ್ದಳು. ಹೆಣ್ಣುಮಕ್ಕಳು ಸೀರೆ ನೋಡುವ ರೀತಿ ನಿಮಗೆ ಗೊತ್ತು. ಬಣ್ಣ, ದಡಿ, ಕೈಯಲ್ಲಿ ಹಿಡಿದು ಮೆದುವೋ ಒರಟೋ ಎಂಬುದು. ನಮ್ಮ ಅತ್ತೆ ಒಂದೊಂದೇ ಸೀರೆಯ ಸೆರಗು ಬಿಚ್ಚಿ ತಲೆಯ ಮೇಲಿಂದ ಮುಖದ ತುಂಬ ಹೊದ್ದುಕೊಂಡು, ಫೋನಿನಲ್ಲಿ ಏನಾದರೂ ಅಂಜಿಕೆಯದು ಹಚ್ಚಿ ನನ್ನೆದುರು ಹಿಡಿಯಿರಿ ಎಂದಳು. ಅಂಗಡಿಯವರು ಗಾಬರಿಯಾಗಿ, "ಮೇಡಮ್ಮಾರ, ಸೀರಿ ಉಡಾಕ ಬೇಕ್ರ್ಯೋ, ಸಿನಿಮಾ ನೋಡಾಕ ಬೇಕ್ರ್ಯೋ?" ಎಂದು ಕೇಳಿದರು. ಎರಡಕ್ಕೂ ಎಂದಿತು ಸೆರಗಿನ ಒಳಗಿನ ದನಿ. ಪಾಪ, ಅವರ ಫೋನಿನಲ್ಲಿ ಇದ್ದದ್ದು ತಮ್ಮ ಮಗಳ ಲಗ್ನದ ವಿಡಿಯೋ ಒಂದೇ. ಅದನ್ನೇ ಹಿಡಿದರು. ಇದರಲ್ಲಿ ಅಂಜಿಕೆ ಎಲ್ಲಿದೆ ಎಂದು ಅತ್ತೆ ಕೇಳಿದರೆ, "ಆ ದಿನ ನಾ ಭಾಳ ಅಂಜಿದ್ನಿರಿ," ಎಂದರು. ಆ ಸೀರೆಯನ್ನೇ ತಂದೆವು. ಆದರೆ ಹೊಸ ಸೆರಗು ದಪ್ಪ, ಅಂಗಡಿಯ ಬೆಳಕಿನಲ್ಲಿ ಕಂಡಂತೆ ಮನೆಯಲ್ಲಿ ಒಳಗಿಂದ ನೆಟ್ಟಗೆ ಏನೂ ಕಾಣಿಸುತ್ತಿರಲಿಲ್ಲ.

ಅನಾಹುತಕ್ಕೆ ಆ ಹೊಸ ಸೆರಗೇ ಕಾರಣ ಎಂದು ಅತ್ತೆ ಇವತ್ತಿಗೂ ವಾದಿಸುತ್ತಾಳೆ. ಅಕ್ಕ, ತಮ್ಮ ಇಬ್ಬರು ಹಾಳುಬಾವಿಗೆ ಇಳಿದು ತಾಯಿಯನ್ನು ಹುಡುಕುವ ಸಿನಿಮಾ. ಕತ್ತಲಲ್ಲಿ ಒಂದು ಕೈ ಬಂದು ತಮ್ಮನ ಕಾಲು ಹಿಡಿಯುತ್ತದೆ. ನನ್ನ ಮಗ ಸೆರಗಿನೊಳಗೆ ಹೊಕ್ಕ. ಹಳೆಯ ಸೆರಗಾಗಿದ್ದರೆ, ಆ ಕೈ ತಾಯಿಯದೇ ಎಂದು ಮರುಕ್ಷಣ ಸಂದಿಯಿಂದ ನೋಡಿ ಅವನಿಗೆ ಸಮಾಧಾನವಾಗುತ್ತಿತ್ತು. ದಪ್ಪ ಸೆರಗಿನ ಒಳಗೆ ಅವನಿಗೆ ಕೇಳಿಸಿದ್ದು ಕಿರುಚಾಟ ಮಾತ್ರ. ತಾಯಿ ಸಿಕ್ಕಳೆಂದು ನನ್ನ ಮಗಳು ಎಷ್ಟು ಹೇಳಿದರೂ ಅವನು ನಂಬಲಿಲ್ಲ.

ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಹಾರಿಹೋಯಿತು. ಮಗ ಮಂಚದಿಂದ ಕಾಲು ಕೆಳಗಿಡಲೊಲ್ಲ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಾನು ಹಾಡು ಹೇಳುತ್ತ ನಿಂತಿರಬೇಕು, ಹಾಡು ನಿಂತರೆ ಒಳಗಿಂದ ಅಳು. ನನ್ನ ಹಾಡು ಕೇಳಿ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಸುದ್ದಿ ತಿಳಿದ ಅತ್ತೆ ಓಡೋಡಿ ಬಂದಳು. ಅಂಜಿಕೆ ತೆಗೆಯುತ್ತೇನೆಂದು ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗನ ಮೇಲಿಂದ ಕೆಳಗೆ ಇಳಿಸಿ ಒಲೆಯ ಉರಿಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ಗಟ್ಟಿಯಾಗಿ ತಗುಲಿದೆ ಎಂದರ್ಥ, ಬಂದರೆ ಏನೂ ಇಲ್ಲ ಎಂದರ್ಥ. ಇದು ನಮ್ಮ ಕಡೆಯ ಶಾಸ್ತ್ರ. ಬ್ಯಾಡಗಿ ಮೆಣಸಿನಕಾಯಿ ಮುಗಿದಿತ್ತೆಂದು ಹೆಂಡತಿ ಅಂದು ಗುಂಟೂರಿನದು ತಂದಿದ್ದಳು. ಎಂಥ ಘಾಟು! ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಬಂದು ಬಿದ್ದೆವು. ಪಕ್ಕದ ಮನೆಯವರು ಮತ್ತೆ ಕಿಟಕಿ ಹಾಕಿಕೊಂಡರು.

ಅತ್ತೆ ಕಣ್ಣೊರೆಸಿಕೊಳ್ಳುತ್ತ, ಘಾಟು ಬಂತಲ್ಲ, ಹುಡುಗನಿಗೆ ಏನೂ ಆಗಿಲ್ಲ ಎಂದು ಹಿಗ್ಗಿನಿಂದ ಹೇಳಿದಳು. ಅದೇ ಆಕೆ ಮಾಡಿದ ತಪ್ಪು. ನನ್ನ ಹೆಂಡತಿ ಕೆಮ್ಮು ನಿಲ್ಲುವವರೆಗೆ ಕಾದು, ಬಹಳ ಮೆತ್ತಗೆ ಹೇಳಿದಳು.

"ಅತ್ತೀ, ಸಿಟ್ಟಾಗಬ್ಯಾಡ್ರಿ. ಇನ್ನ ಮ್ಯಾಲೆ ಹುಡುಗೂರನ್ನ ಸಿನಿಮಾಕ್ಕ ನಿಮ್ಮ ಮನಿಗೆ ಕಳಸಂಗಿಲ್ರಿ."

ಅತ್ತೆ ಉಳಿದ ಉಪ್ಪನ್ನು ಡಬ್ಬಿಗೆ ಸುರಿದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಸ್ಕೂಟರ್ ಮೇಲೆ ಬಿಟ್ಟು ಬರುತ್ತೇನೆಂದರೂ ಕೇಳಲಿಲ್ಲ.

ಮೂರ್ನಾಲ್ಕು ರವಿವಾರ ಹಾಗೇ ಹೋದವು. ಆಮೇಲೆ ಮನೆಮಂದಿಯ ವಾಟ್ಸಪ್ಪಿನಲ್ಲಿ ಅತ್ತೆಯ ದನಿ ಬರತೊಡಗಿತು. ಇವತ್ತಿನ ಸಿನಿಮಾ ಶೂನ್ಯ ಸೆರಗು, ಹಾಲು ಕುಡಿಯುವ ಕೂಸೂ ನೋಡಬಹುದು, ಕಳಿಸಿರಿ. ಮರುವಾರ ಮತ್ತೆ: ಇದರಲ್ಲಿ ಹುಲಿ ಇದೆ, ಆದರೆ ಅದು ಕಾಯಿಪಲ್ಲೆ ತಿನ್ನುತ್ತದೆ, ಕಳಿಸಿರಿ. ದೆವ್ವಗಳನ್ನು ಗದರಿಸಿ ಕಳಿಸುತ್ತಿದ್ದ ಹೆಣ್ಣುಮಗಳು ಕಾಯಿಪಲ್ಲೆ ತಿನ್ನುವ ಹುಲಿಯ ಪರ ವಕಾಲತ್ತು ಮಾಡುವುದೇ? ನಾವು ಮೊದಲು ನಕ್ಕೆವು. ಹೆಂಡತಿಯ ಮನಸ್ಸೂ ಕರಗಿತು. ಮಕ್ಕಳನ್ನು ಕಳಿಸಿದೆವು.

ಸಂಜೆ ಕರೆದುಕೊಂಡು ಬರಲು ಹೋದರೆ ಇಬ್ಬರೂ ಚಪ್ಪಲಿ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು. ಮಗಳ ಕಿವಿಯಲ್ಲಿ ಇಯರ್‌ಫೋನು, ಮಗನ ಕೈಯಲ್ಲಿ ಅಕ್ಕನ ಟ್ಯಾಬು. ಹುಲಿಯ ಸಿನಿಮಾ ಅರ್ಧಕ್ಕೇ ಬೇಸರವಾಯಿತಂತೆ. ಅತ್ತೆ ಬಾಗಿಲಲ್ಲಿ ತಟ್ಟೆ ಹಿಡಿದು, ಇನ್ನೊಂದು ಹಚ್ಚುತ್ತೇನೆ, ಇನ್ನೂ ಹೊತ್ತೈತಿ ಎನ್ನುತ್ತಿದ್ದಳು. ಮುಂದಿನ ವಾರ ಮಕ್ಕಳೇ ಒಲ್ಲೆ ಎಂದರು. ಮಗಳಿಗೆ ಟ್ಯೂಷನ್ನು, ಮಗನಿಗೆ ಆಟ. ಮಗನ ಅಂಜಿಕೆ ಯಾವಾಗಲೋ ಹೋಗಿತ್ತು. ಅತ್ತೆಯ ದನಿಯೂ ಮೆಲ್ಲಗೆ ನಿಂತಿತು.

ಮೊನ್ನೆ ರವಿವಾರ ಹೆಂಡತಿ ಶೇಂಗಾ ಹೋಳಿಗೆ ಮಾಡಿದ್ದಳು. ಅತ್ತೆಗೆ ಕೊಟ್ಟು ಬನ್ನಿ ಎಂದಳು. ಹೋದಾಗ ದೀಪ ಹಚ್ಚುವ ಹೊತ್ತು. ಟೀವಿಯ ಸದ್ದು ರಸ್ತೆಗೆ ಕೇಳುತ್ತಿತ್ತು. ಒಳಗೆ ಅತ್ತೆ ಕುರ್ಚಿಯನ್ನು ಟೀವಿಯ ತೀರ ಹತ್ತಿರ ಎಳೆದುಕೊಂಡು ಒಬ್ಬಳೇ ಕೂತಿದ್ದಳು. ಸಿನಿಮಾದಲ್ಲಿ ಆನೆಯ ಮರಿಯೊಂದು ಕೆಸರಿನಲ್ಲಿ ಜಾರುತ್ತಿತ್ತು. ಜಾರುವುದು, ಏಳುವುದು, ಅಷ್ಟೇ ಕಥೆ. ಕೂಡು ಎಂದಳು. ಕೂತೆ. ಇಬ್ಬರೂ ಆನೆಯ ಮರಿ ಜಾರುವುದನ್ನು ಕೊನೆಯವರೆಗೆ ನೋಡಿದೆವು. ಹೆಸರುಗಳು ಮೇಲೇರತೊಡಗಿದವು. ಅತ್ತೆ ಬಂದ್ ಮಾಡಲಿಲ್ಲ, ಹೆಸರುಗಳನ್ನೇ ನೋಡುತ್ತ ಕೂತಳು.

ಛೇಡಿಸಿ ನಗಿಸೋಣವೆಂದು, "ಏನತ್ತಿ, ಅಂಜಿಕಿದು ನೋಡೂದು ಬಿಟ್ಟಿಯೇನು?" ಎಂದೆ.

"ಒಬ್ಬಾಕಿ ನೋಡಾಕ ಆಗಂಗಿಲ್ಲೋ. ನನಗ ಅಂಜಿಕಿ ಬರತೈತಿ," ಎಂದಳು.

ನಗು ಬರಲಿಲ್ಲ ನನಗೆ. ಅತ್ತೆ ಟೀವಿಯನ್ನೇ ನೋಡುತ್ತ ಮಾತಾಡಿದಳು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯಲ್ಲಿ, ಆಕೆ ಸೊಸೆಯಾಗಿ ಹೋದ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಕಡೆಯವರು ಕೆಮ್ಮಿದರೆ ಈ ಕಡೆಯಿಂದ ಶುಂಠಿ ಕಷಾಯ ಹೋಗುತ್ತಿತ್ತು. ಓಣಿಗೆಲ್ಲ ಒಂದೇ ಟೀವಿ, ದೆವ್ವ ಬಂದರೆ ಇಪ್ಪತ್ತು ಮಂದಿ ಒಟ್ಟಿಗೆ ಅಂಜುತ್ತಿದ್ದರು. ಆ ಮಂದಿ ಈಗ ನವನಗರದ ಯಾವ ಯಾವ ಸೆಕ್ಟರಿನಲ್ಲಿ ಇದ್ದಾರೋ, ಇದ್ದಾರೋ ಇಲ್ಲವೋ.

"ಇಲ್ಲಿ ನಾ ಕೆಮ್ಮಿದ್ದು ನನಗಷ್ಟ ಕೇಳತೈತಿ," ಎಂದಳು. ಆಮೇಲೆ, "ಅಂಜಿದ ಕೂಸು ಮನಿಗೆ ಹೋಗಂಗಿಲ್ಲೋ ತಮ್ಮಾ. ಆಯಿ, ಇವತ್ತ ಇಲ್ಲೇ ಮಲಗತೇವಿ ಅಂತಿದ್ವು. ಎರಡೂ ಮಗ್ಗಲಿಗೆ ಎರಡು ಕೂಸು. ಅಷ್ಟಕ್ಕ ನಾ ಅಂಜಿಸ್ತಿದ್ನಿ. ನಗಿಸಿದ್ರ ನಕ್ಕೋತ ಚಪ್ಪಲಿ ಹಾಕ್ಕೊಂಡು ಮನಿಗೆ ಹೊಕ್ಕಾವು," ಎಂದಳು.

ನನಗೆ ಸಂಕಟವಾಯಿತು, ಬಹಳ ಸಂಕಟವಾಯಿತು. ಇಷ್ಟು ದಿನ ಆಕೆ ದೆವ್ವಗಳಿಗೆ ಮಾರ್ಕು ಹಾಕುತ್ತಾಳೆಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದವನು ನಾನು. ಹೋಳಿಗೆಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಮೇಜಿನ ಮೇಲಿಟ್ಟೆ.

"ಅತ್ತಿ, ನನಗ ಯಾಕೋ ಭಾಳ ಅಂಜಿಕಿ ಆಗಾಕತ್ತೈತಿ," ಎಂದೆ.

"ಆನಿ ಮರಿ ನೋಡಿ ಏನು?"

"ಹೂಂ, ಆನಿ ಮರಿ ನೋಡೇ. ಎರಡು ಸೆಕ್ಟರ್ ದಾಟಿ ಹೋಗಾಕ ನನ್ನ ಕಡಿಂದ ಆಗಂಗಿಲ್ಲ. ಇವತ್ತ ಇಲ್ಲೇ ಮಲಗತೇನಿ."

ಹೊರಗೆ ಬೀದಿದೀಪಗಳು ಹತ್ತಿದ್ದವು, ಆಕಾಶದಲ್ಲಿ ಇನ್ನೂ ಬೆಳಕಿತ್ತು. ಅತ್ತೆ ನನ್ನ ನರೆತ ಮೀಸೆಯನ್ನು ನೋಡಿದಳು. ರಿಮೋಟು ತೆಗೆದುಕೊಂಡು ಟೀವಿ ಬಂದ್ ಮಾಡಿದಳು. ಮನೆ ಒಮ್ಮೆಲೇ ಸುಮ್ಮನಾಯಿತು. ಆಕೆ ಎದ್ದು, ಒಳಗಿನ ಕೋಣೆಯಿಂದ ಹಾಸಿಗೆ ತರಲು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಗೇಟಿನ ಚಿಲಕಾ ಹಾಕಿ ಬಾ ಹಂಗಾರ," ಎಂದಳು. "ಅಂಜಬ್ಯಾಡ, ನಾ ಅದೇನಿ."